ಅರ್ಧ ಡಾಕ್ಟರರ ಗೂಬೆ ನಾಣ್ಯ

ಕಟ್ಟುಹಲ್ಲು ಮಾಡುವವನ ಕಷ್ಟ ಕಟ್ಟುಹಲ್ಲು ಮಾಡುವವನಿಗೇ ಗೊತ್ತು. ಬಡಗಿ ಮಾಡಿದ ಕುರ್ಚಿಯನ್ನು ಜನ ತಟ್ಟಿ ನೋಡಿ ಹೊಗಳುತ್ತಾರೆ. ಟೈಲರ್ ಹೊಲಿದ ಕೋಟನ್ನು ತಿರುಗಿ ತಿರುಗಿ ತೋರಿಸುತ್ತಾರೆ. ಆದರೆ ಕಟ್ಟುಹಲ್ಲು ಹಾಕಿಸಿಕೊಂಡವರು ಯಾರೂ ಅದನ್ನು ಬಾಯಿಂದ ತೆಗೆದು, 'ನೋಡಿ, ಇದನ್ನು ಇಂಥವರು ಮಾಡಿದ್ದು' ಎಂದು ನಾಲ್ಕು ಜನರ ಮುಂದೆ ಹಿಡಿಯುವುದಿಲ್ಲ. ಹಾಗಾಗಿ ಊರಿನ ಕಾಲುಭಾಗ ಜನ ತಾನು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರೂ, ಈ ಕಥೆಯ ನಾಯಕನನ್ನು ಕಂಡು ನಗುವವರಿದ್ದರೇ ಹೊರತು ಗೌರವಿಸುವವರು ಇರಲಿಲ್ಲ.

ಅವನಿಗೆ 'ಅರ್ಧ ಡಾಕ್ಟ್ರು' ಎಂದು ಹೆಸರಿಟ್ಟವರು ಹೆಂಡತಿಯ ಅಣ್ಣ. "ಹಲ್ಲು ಕೀಳೋರು ಪೂರ್ತಿ ಡಾಕ್ಟ್ರು, ಹಲ್ಲು ಮಾಡೋರು ಅರ್ಧ ಡಾಕ್ಟ್ರು" ಎಂದು ಅವರು ಮದುವೆಯಾದ ಮೊದಲ ವಾರದಲ್ಲೇ ಹೇಳಿದ್ದರು. ಇಪ್ಪತ್ತೆರಡು ವರ್ಷವಾದರೂ ಆ ಅರ್ಧಕ್ಕೆ ಕಾಲು ಸೇರಿರಲಿಲ್ಲ. ಭಾವನವರು ನಿವೃತ್ತ ನೋಂದಣಿ ಅಧಿಕಾರಿ. ಮೂವತ್ತು ವರ್ಷ ಬೇರೆಯವರ ಪತ್ರಗಳಿಗೆ ಮೊಹರು ಒತ್ತಿ ಒತ್ತಿ, ಮೊಹರಿಲ್ಲದ ಯಾವುದನ್ನೂ ನಂಬದ ಸ್ಥಿತಿಗೆ ಬಂದಿದ್ದರು. ಅವರು ಮೊಹರಿಲ್ಲದೆ ನಂಬಿದ ವಸ್ತು ಪ್ರಪಂಚದಲ್ಲಿ ಒಂದೇ ಒಂದು: ಅವರ ಗ್ರೀಕ್ ನಾಣ್ಯ.

ಬೆಳ್ಳಿಯದು. ಒಂದು ಕಡೆ ಶಿರಸ್ತ್ರಾಣ ತೊಟ್ಟ ದೇವತೆಯ ಮುಖ, ಇನ್ನೊಂದು ಕಡೆ ಕಣ್ಣು ಬಿಟ್ಟುಕೊಂಡು ನಿಂತ ಗೂಬೆ. ಹನ್ನೊಂದು ವರ್ಷದ ಹಿಂದೆ ಯಾವುದೋ ಬಂದರಿನ ಅಂಗಡಿಯಲ್ಲಿ ಕೊಂಡದ್ದು. ಅಥೆನ್ಸಿನವರು ಎರಡೂವರೆ ಸಾವಿರ ವರ್ಷದ ಕೆಳಗೆ ಅದನ್ನು ಟಂಕಿಸಿದರಂತೆ. ಆ ನಾಣ್ಯದ ಬಲದ ಮೇಲೆಯೇ ಭಾವನವರು ಊರಿನ ನಾಣ್ಯಪ್ರಿಯರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದರು. ಅಧ್ಯಕ್ಷರಾಗಲಿಲ್ಲ, ಏಕೆಂದರೆ ಕಟ್ಟಡ ಕಟ್ಟುವ ಕಂಟ್ರಾಕ್ಟರ್ ಹತ್ತಿರ ಗ್ರೀಕ್ ನಾಣ್ಯಗಳು ಹನ್ನೆರಡಿದ್ದವು.

ಪ್ರತಿ ಶನಿವಾರ ಬೆಳಿಗ್ಗೆ ಭಾವನವರು ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಅರ್ಧ ಡಾಕ್ಟರರ ಕೆಲಸದ ಕೋಣೆಗೆ ಬರುತ್ತಿದ್ದರು. ತಂಗಿಯನ್ನು ನೋಡುವುದಕ್ಕೆ ಎಂದು ಹೇಳಿಕೊಂಡರೂ, ನಿಜವಾಗಿ ಬರುತ್ತಿದ್ದದ್ದು ಅಲ್ಲಿದ್ದ ದೊಡ್ಡ ಭೂತಗನ್ನಡಿಗಾಗಿ. ನಾಣ್ಯವನ್ನು ಅದರ ಕೆಳಗಿಟ್ಟು ಒಂದು ಗಂಟೆ ಗೂಬೆಯ ಕಣ್ಣಿಗೆ ಕಣ್ಣಿಟ್ಟು ಕೂರುತ್ತಿದ್ದರು. ಅಷ್ಟು ಹೊತ್ತೂ ಅರ್ಧ ಡಾಕ್ಟರರು ಬರಿಗಣ್ಣಲ್ಲಿ ದವಡೆ ಉಜ್ಜಬೇಕಾಗಿತ್ತು.

ಆ ಶನಿವಾರ ಭಾವನವರು ನಾಣ್ಯವನ್ನು ಗಾಜಿನ ಕೆಳಗಿಟ್ಟು, ಕೈ ತೊಳೆದು ಬರಲು ಒಳಗೆ ಹೋದರು. ಅದೇ ಹೊತ್ತಿಗೆ ಪೂರ್ತಿ ಡಾಕ್ಟರರು, ಅಂದರೆ ದಂತವೈದ್ಯರು, ಫೋನ್ ಮಾಡಿದರು. ಹಿಂದಿನ ದಿನ ಅವರು ಒಂದು ಲೋಹದ ಹಲ್ಲಿನ ಕಟ್ಟು ಕಳಿಸಿದ್ದರು. ಯಾರೋ ರೋಗಿ ಅದನ್ನು ಹಳೆಯ ಕಾಲದ ಉಸ್ತಾದರೊಬ್ಬರು ಕೈಯಲ್ಲೇ ಬಡಿದು ಮಾಡಿದ್ದು ಎಂದು ವಾದಿಸುತ್ತಿದ್ದನಂತೆ. ಹೌದೋ ಅಲ್ಲವೋ ನೋಡಿ ಹೇಳಿ ಎಂದರು. ಅರ್ಧ ಡಾಕ್ಟರರು ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು, ನಾಣ್ಯವನ್ನು ಬಟ್ಟೆಯ ಸಮೇತ ಪಕ್ಕಕ್ಕೆ ಸರಿಸಿ, ಹಲ್ಲಿನ ಕಟ್ಟನ್ನು ಗಾಜಿನ ಕೆಳಗಿಟ್ಟು ಬಗ್ಗಿದರು. ಭಾವನವರು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಾಗ ಅವರಿಗೆ ಕಂಡದ್ದು ತಂಗಿಯ ಗಂಡನ ಬೆನ್ನು ಮಾತ್ರ. ಕೇಳಿಸಿದ್ದು ಇದು:

"ಇಲ್ಲ ಸರ್, ಇದು ಹಳೇದಲ್ಲ. ಈಚೆಗೆ ಮಾಡಿದ್ದು."

ಭಾವನವರು ನಿಂತರು.

"ಬಡಿದು ಮಾಡಿದ್ದಲ್ಲ ಸರ್, ಎರಕ ಹೊಯ್ದಿರೋದು. ಅಂಚಿನ ಸುತ್ತ ಗೆರೆ ಇದೆ. ಎರಡು ಅಚ್ಚು ಕೂಡಿಸಿದಾಗ ನಿಲ್ಲೋ ಗೆರೆ. ಅರದಲ್ಲಿ ಉಜ್ಜಿ ಮುಚ್ಚೋಕೆ ನೋಡಿದಾರೆ. ಮೈಮೇಲೆಲ್ಲಾ ಸೂಜಿಮೊನೆಯಷ್ಟು ಗುಳ್ಳೆ. ಗಾಳಿ ಸಿಕ್ಕಿಕೊಂಡಿದೆ."

ಭಾವನವರು ಗೋಡೆಗೆ ಒರಗಿದರು.

"ಅನುಮಾನ ಇದ್ರೆ ಒಂದ್ಸಲ ಕಚ್ಚಿಸಿ ನೋಡಿ, ಗೊತ್ತಾಗುತ್ತೆ. ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ ಸರ್."

ಇಪ್ಪತ್ತೆರಡು ವರ್ಷದಲ್ಲಿ ತಂಗಿಯ ಗಂಡ ಒಮ್ಮೆಯೂ ತಮ್ಮನ್ನು 'ಸರ್' ಎಂದಿರಲಿಲ್ಲ ಎಂಬುದು ಭಾವನವರ ಗಮನಕ್ಕೆ ಬರಲಿಲ್ಲ. ಕೆಟ್ಟ ಸುದ್ದಿ ಹೇಳುವಾಗ ಯಾರಾದರೂ ಸ್ವಲ್ಪ ಮರ್ಯಾದೆ ಸೇರಿಸುತ್ತಾರಲ್ಲ, ಹಾಗೆ ಎಂದುಕೊಂಡಿರಬೇಕು. ಮೆಲ್ಲಗೆ ಬಂದು, ಪ್ಲಾಸ್ಟರ್ ಪುಡಿ ಬಿದ್ದ ಸ್ಟೂಲಿನ ಮೇಲೆ, ಪುಡಿಯನ್ನು ಒರೆಸದೆ ಕೂತರು.

"ನನಗೆ ಹನ್ನೊಂದು ವರ್ಷದಿಂದ ಒಳಗೊಳಗೇ ಅನುಮಾನ ಇತ್ತು ಡಾಕ್ಟ್ರೇ," ಎಂದರು.

ಅರ್ಧ ಡಾಕ್ಟರರು ಕಿವಿಯ ತಂತಿ ಕಿತ್ತು ತಿರುಗಿದರು. ಭಾವನವರು ನಾಣ್ಯವನ್ನು ನೋಡುತ್ತಿದ್ದರು. ಏನಾಗಿದೆ ಎಂಬುದು ಡಾಕ್ಟರರಿಗೆ ಒಂದು ಕ್ಷಣದಲ್ಲಿ ಅರ್ಥವಾಯಿತು. 'ಅಯ್ಯೋ ಭಾವ, ನಾನು ಹೇಳಿದ್ದು ಹಲ್ಲಿನ ವಿಷಯ' ಎನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಭಾವನವರ ಮಾತಿನಲ್ಲಿದ್ದ 'ಡಾಕ್ಟ್ರೇ' ಎಂಬ ಪದದ ಮುಂದೆ ಯಾವ 'ಅರ್ಧ'ವೂ ಇರಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಹೇಗೆ ಗೊತ್ತಾಯ್ತು ನಿಮಗೆ?"

"ಅನುಭವ, ಭಾವ," ಎಂದರು ಡಾಕ್ಟರರು. ಅದು ಸುಳ್ಳಲ್ಲ. ಯಾವುದರ ಅನುಭವ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನನ್ನೇ ನೋಡಿದಳು. ಏನೂ ಹೇಳದೆ ಒಳಗೆ ಹೋದಳು. ಅವಳು ಬೈದು ಹೋದ ದಿನಗಳೇ ಸುಖದ ದಿನಗಳು ಎಂಬುದು ಡಾಕ್ಟರರಿಗೆ ಗೊತ್ತಿತ್ತು.

ಮೋಸ ಹೋದವನಿಗೆ ಜೊತೆ ಬೇಕು. ಸೋಮವಾರದ ಹೊತ್ತಿಗೆ ಭಾವನವರು ಸಂಘದ ಸದಸ್ಯರಿಗೆಲ್ಲ ಫೋನ್ ಮಾಡಿ ಮುಗಿಸಿದ್ದರು. "ಮುಟ್ಟಲೂ ಇಲ್ಲ ಕಣ್ರೀ, ಬಗ್ಗಿ ನೋಡಿದ್ರು, ಹೇಳೇಬಿಟ್ರು. ನೀವೂ ಒಂದ್ಸಲ ತೋರಿಸಿಬಿಡಿ" ಎಂದರು. ಮಂಗಳವಾರ ಮೆಟ್ಟಿಲ ಮೇಲೆ ಏಳು ಜನ ಕೂತಿದ್ದರು. ಬುಧವಾರ ಹನ್ನೆರಡು. ಎಲ್ಲರೂ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡು, ಮಾತಾಡದೆ, ಸರದಿಗಾಗಿ ಕಾಯುತ್ತಿದ್ದರು. ವಾಪಸ್ಸು ಇಳಿಯುವಾಗ ಮುಖ ಬಾಡಿರುತ್ತಿತ್ತು.

ಕೆಳಗಿನ ಟೈಲರ್ ಎರಡು ದಿನ ನೋಡಿದ. ಮೂರನೆಯ ದಿನ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಮೇಲೆ ಬಂದ.

"ಏನ್ ಸ್ವಾಮಿ, ಊರಲ್ಲಿ ಎಲ್ಲರ ಹಲ್ಲೂ ಒಂದೇ ವಾರದಲ್ಲಿ ಉದುರಿದ್ವಾ? ನೀರಲ್ಲೇನಾದ್ರೂ ಬಂದಿದ್ಯಾ? ನಮ್ಮನೇಲಿ ಮಕ್ಕಳಿದಾರೆ, ಇದ್ದದ್ದು ಹೇಳಿಬಿಡಿ."

"ಹಲ್ಲಲ್ಲ, ನಾಣ್ಯ. ಗ್ರೀಕ್ ನಾಣ್ಯ."

"ನಾಣ್ಯ ನುಂಗಿಬಿಟ್ರಾ?" ಎಂದು ಟೈಲರ್ ಗಾಬರಿಯಾದ. ಇನ್ನಷ್ಟು ವಿವರಿಸಿದರೂ ಅವನಿಗೆ ಸಮಾಧಾನವಾಗಲಿಲ್ಲ. ಆವತ್ತಿನಿಂದ ಅವನ ಮನೆಯವರು ನೀರು ಕಾಯಿಸಿ ಕುಡಿಯತೊಡಗಿದರು.

ವಿಚಿತ್ರವೆಂದರೆ ಡಾಕ್ಟರರು ಹೇಳಿದ್ದು ತಪ್ಪಾಗುತ್ತಿರಲಿಲ್ಲ. ಹುಡುಕಿಸಿ ತರಿಸಿದ ಒಂದು ಪುಸ್ತಕವನ್ನು ಮಧ್ಯಾಹ್ನಗಳಲ್ಲಿ ಓದಿದಾಗ ಅವರಿಗೇ ಬೆರಗಾಯಿತು. ಗ್ರೀಕರು ಬೆಳ್ಳಿಯ ಬಿಲ್ಲೆಯನ್ನು ಕಾಯಿಸಿ, ಎರಡು ಅಚ್ಚುಗಳ ನಡುವೆ ಇಟ್ಟು, ಸುತ್ತಿಗೆಯಲ್ಲಿ ಒಂದೇ ಪೆಟ್ಟು ಹೊಡೆಯುತ್ತಿದ್ದರು. ಹಾಗಾಗಿ ಒಂದು ನಾಣ್ಯ ಇದ್ದಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದರಲ್ಲಿ ಮೂಗು ಆಚೆ ಹೋದರೆ ಇನ್ನೊಂದರಲ್ಲಿ ಬಾಲ ಆಚೆ. ಪೆಟ್ಟಿಗೆ ಅಂಚು ಒಂದೊಂದು ಕಡೆ ಬಿರಿಯುತ್ತಿತ್ತು. ಈಗಿನ ಮೋಸಗಾರರು ಮಾಡುವುದು ಎರಕ. ಅದರಲ್ಲಿ ಗೆರೆ, ಗುಳ್ಳೆ, ಸೋಪಿನಂತೆ ಸವೆದ ಮುಖ. ಇಪ್ಪತ್ತೈದು ವರ್ಷದಿಂದ ಡಾಕ್ಟರರು ಹಲ್ಲಿನ ಕಟ್ಟುಗಳಲ್ಲಿ ಹುಡುಕಿ ಹುಡುಕಿ ಉಜ್ಜಿ ತೆಗೆದ ದೋಷಗಳೇ ಅವು. ದವಡೆ ಹೋಗಿ ದೇವತೆ ಬಂದಿದ್ದಳು ಅಷ್ಟೇ, ಕಸುಬು ಒಂದೇ.

ಬಂದ ಮೂವತ್ತು ನಾಣ್ಯಗಳಲ್ಲಿ ಇಪ್ಪತ್ತಾರು ನಕಲಿ ಎಂದಾಯಿತು. ಸದಸ್ಯರು ಮೊದಲು ಅತ್ತಂತೆ ಮಾಡಿದರೂ, ಪಕ್ಕದವನದೂ ನಕಲಿ ಎಂದು ಗೊತ್ತಾದ ಮೇಲೆ ಗೆಲುವಾಗಿ ಓಡಾಡಿದರು. ಈ ನಡುವೆ ಪೂರ್ತಿ ಡಾಕ್ಟರರ ಮೂರು ಸೆಟ್ಟು ಹಲ್ಲು ಹಾಗೇ ಉಳಿದು, ಮೂವರು ಗೌರವಸ್ಥರು ಒಂದು ವಾರ ಗಂಜಿ ಕುಡಿಯಬೇಕಾಯಿತು.

ಮುಂದಿನ ಶನಿವಾರ ಭಾವನವರು ಮತ್ತೆ ಬಂದರು. ಜೊತೆಯಲ್ಲಿ ನಾಯಿ ಇತ್ತು.

"ಡಾಕ್ಟ್ರೇ, ಒಂದು ಸಣ್ಣ ಕೆಲಸ. ಈ ದರಿದ್ರದ ಗೂಬೆಗೆ ಮೇಲ್ಗಡೆ ಒಂದು ತೂತು ಕೊರೆದುಕೊಡಿ. ನಮ್ಮ ನಾಯಿ ಕೊರಳಪಟ್ಟಿಗೆ ಬಿಲ್ಲೆ ಬೇಕಾಗಿತ್ತು."

"ನಾಯಿಗಾ, ಭಾವ?"

"ಹನ್ನೊಂದು ವರ್ಷ ನನ್ನ ಗೂಬೆ ಮಾಡಿದ್ದಕ್ಕೆ ಅದಕ್ಕೆ ಶಿಕ್ಷೆ ಬೇಡ್ವಾ? ನಾಯಿ ಜೊತೆ ಬೀದಿ ಅಲೀಲಿ."

ಆಗಲೂ ಡಾಕ್ಟರರು ಹೇಳಬಹುದಿತ್ತು. ಆದರೆ ಆ ಒಂದು ವಾರ ಅವರು ಪೂರ್ತಿ ಡಾಕ್ಟರರಾಗಿ ಬದುಕಿದ್ದರು. ಮೂವತ್ತರಲ್ಲಿ ಇಪ್ಪತ್ತಾರು ನಕಲಿಯಾಗಿರುವಾಗ ಇದು ಮಾತ್ರ ಅಸಲಿ ಹೇಗಾದೀತು ಎಂದು ತಮಗೆ ತಾವೇ ಲೆಕ್ಕ ಒಪ್ಪಿಸಿಕೊಂಡರು. ನಾಣ್ಯವನ್ನು ಇಕ್ಕಳದಲ್ಲಿ ಹಿಡಿದರು. ಹಲ್ಲು ಕೊರೆಯುವ ಸಣ್ಣ ಯಂತ್ರವನ್ನು ಚಾಲೂ ಮಾಡಿ, ದೇವತೆಯ ಶಿರಸ್ತ್ರಾಣದ ಮೇಲ್ತುದಿಗೆ ಮೊನೆ ಇಟ್ಟರು. ನಾಯಿ ಊಳಿಡಲು ಶುರುಮಾಡಿತು.

ಹೊಸ ಬೆಳ್ಳಿಯನ್ನು ಕೊರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಇದನ್ನು ಡಾಕ್ಟರರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಈ ಬೆಳ್ಳಿ ಮಾತ್ರ ಸಕ್ಕರೆಯಂತೆ ಪುಡಿ ಪುಡಿಯಾಗಿ ಉದುರಿತು. ಶತಮಾನಗಳ ಕಾಲ ಮಣ್ಣಲ್ಲಿ ಮಲಗಿದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗುತ್ತದೆ ಎಂದು ಎಪ್ಪತ್ತನೆಯ ಪುಟದಲ್ಲಿ ಓದಿದ್ದು ನೆನಪಿಗೆ ಬಂತು. ಡಾಕ್ಟರರ ಕಾಲು ಪೆಡಲಿನಿಂದ ತಾನಾಗೇ ಮೇಲೆದ್ದಿತು.

"ಯಾಕೆ ನಿಲ್ಲಿಸಿದ್ರಿ? ಪೂರ್ತಿ ಮಾಡಿ," ಎಂದರು ಭಾವನವರು.

"ಮೊನೆ ಮೊಂಡಾಯ್ತು ಭಾವ. ಹೊಸದು ತರಿಸ್ಬೇಕು. ಇಲ್ಲೇ ಬಿಟ್ಟಿರಿ."

ಭಾವನವರು ಮತ್ತು ನಾಯಿ ಮೆಟ್ಟಿಲಿಳಿದ ಮೇಲೆ ಡಾಕ್ಟರರು ಮೊದಲ ಬಾರಿಗೆ ಆ ನಾಣ್ಯವನ್ನು ಗಾಜಿನ ಕೆಳಗಿಟ್ಟು ನಿಜವಾಗಿ ನೋಡಿದರು. ಅಂಚಿನಲ್ಲಿ ಗೆರೆಯಿಲ್ಲ. ಎರಡು ಕಡೆ ಸುತ್ತಿಗೆ ಪೆಟ್ಟಿಗೆ ಬಿರಿದ ಸೀಳು. ದೇವತೆಯ ಕೆನ್ನೆಯಿಂದ ಹೊರಗೆ ಲೋಹ ಹರಿದುಹೋದ ಸಣ್ಣ ಎಳೆಗಳು. ಲೋಹ ತೂಗುವ ತಕ್ಕಡಿಗೆ ಹಾಕಿದರು. ಪುಸ್ತಕದಲ್ಲಿ ಹೇಳಿದಷ್ಟೇ ತೂಗಿತು, ಕೊರೆದ ಪುಡಿಯಷ್ಟು ಕಡಿಮೆ. ಗೂಬೆ ಎರಡೂ ಕಣ್ಣು ಬಿಟ್ಟು ಅವರನ್ನೇ ನೋಡುತ್ತಿತ್ತು.

"ಅಸಲಿ ತಾನೇ?" ಎಂದಳು ಹೆಂಡತಿ ಬೆನ್ನ ಹಿಂದಿನಿಂದ.

"ನಿನಗೆ ಹೇಗೆ ಗೊತ್ತು?"

"ನನಗೆ ನಾಣ್ಯ ಗೊತ್ತಿಲ್ಲ, ನಿಮ್ಮ ಮುಖ ಗೊತ್ತು. ಆವತ್ತು ನೀವು ಫೋನಲ್ಲಿ ಹೇಳಿದ್ದು ಹಲ್ಲಿನ ವಿಷಯ ಅಂತಾನೂ ಗೊತ್ತು. ನೀವಾಗೇ ಹೇಳ್ತೀರೇನೋ ಅಂತ ಒಂದು ವಾರ ಕಾದೆ."

"ನೀನೇ ಹೇಳಿಬಿಡು. ನಿನ್ನ ಅಣ್ಣ ತಾನೇ."

"ನಾನು ಹೇಳಿದ್ರೆ ಅಣ್ಣ ತಂಗಿ ಜಗಳ. ನೀವು ಹೇಳಿದ್ರೆ ಬರೀ ಜಗಳ. ನೀವೇ ಹೇಳಿ."

ಡಾಕ್ಟರರು ಭಾನುವಾರ ಹೇಳಬೇಕೆಂದುಕೊಂಡರು. ಆಮೇಲೆ ಸೋಮವಾರ. ಮಂಗಳವಾರ ಬೆಳಿಗ್ಗೆ ಭಾವನವರೇ ಇಸ್ತ್ರಿ ಮಾಡಿದ ಕೋಟು ತೊಟ್ಟು ಹಾಜರಾದರು. ಕಂಟ್ರಾಕ್ಟರ್ ತನ್ನ ಹನ್ನೆರಡು ನಾಣ್ಯಗಳನ್ನು ನಗರದ ವಸ್ತುಸಂಗ್ರಹಾಲಯಕ್ಕೆ ದಾನ ಮಾಡುತ್ತಿದ್ದನಂತೆ. ಗಾಜಿನ ಪೆಟ್ಟಿಗೆಗೆ ಅವನ ಹೆಸರು. ಅದಕ್ಕೆ ಮೊದಲು ತಜ್ಞರೊಬ್ಬರು ನೋಡಿ ಸಹಿ ಹಾಕಬೇಕು ಎಂದು ಅಲ್ಲಿನ ಅಧಿಕಾರಿ ಕೇಳಿದ್ದರಂತೆ.

"ನಿಮ್ಮ ಹೆಸರು ಕೊಟ್ಟಿದೀನಿ. ನಡೀರಿ," ಎಂದರು ಭಾವನವರು.

ಡಾಕ್ಟರರು ಗೂಬೆ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ದಾರಿಯಲ್ಲಿ ಹೇಳಿಬಿಡೋಣ ಎಂದು. ದಾರಿಯಲ್ಲೆಲ್ಲ ಭಾವನವರೇ ಮಾತಾಡಿದರು.

ವಸ್ತುಸಂಗ್ರಹಾಲಯ ಎಂದರೆ ಎರಡು ಉದ್ದ ಕೋಣೆ, ಒಂದಷ್ಟು ಮುರಿದ ಮಡಕೆ, ನಿಂತುಹೋದ ನಾಲ್ಕು ಗಡಿಯಾರ. ಸಂಘದವರೆಲ್ಲ ಕುರ್ಚಿ ಹಿಡಿದು ಕೂತಿದ್ದರು. ಅಧಿಕಾರಿ ಸಣ್ಣ ದನಿಯ ಹೆಂಗಸು, ಕೈಯಲ್ಲಿ ಬೀಗದ ಗೊಂಚಲು. ಮೇಜಿನ ಮೇಲೆ ಮಖಮಲ್ಲಿನ ಹಾಸು, ಅದರ ಮೇಲೆ ಹನ್ನೆರಡು ನಾಣ್ಯ, ಅದರ ಹಿಂದೆ ಕಂಟ್ರಾಕ್ಟರ್, ಅವನ ಹಿಂದೆ ಅವನ ಬಂಧುಬಳಗ.

ಡಾಕ್ಟರರು ಬಗ್ಗಿದರು. ಮೊದಲ ಹತ್ತು ನಾಣ್ಯಗಳ ಬಗ್ಗೆ ನಿಧಾನವಾಗಿ ಯೋಚಿಸಬೇಕಿತ್ತು. ಕೊನೆಯ ಎರಡಕ್ಕೆ ಯೋಚನೆಯೇ ಬೇಕಾಗಲಿಲ್ಲ. ಎರಡರಲ್ಲೂ ರಾಜನ ಕಿವಿಯ ಹತ್ತಿರ ಒಂದೇ ಗೀರು. ಎರಡರಲ್ಲೂ ಅಂಚಿನ ಅದೇ ಜಾಗದಲ್ಲಿ ಅದೇ ಉದ್ದದ ಸೀಳು.

"ಇವೆರಡರಲ್ಲಿ ಒಂದಂತೂ ನಕಲಿ, ಎರಡೂ ಇರಬಹುದು," ಎಂದರು. "ಬಾಕಿಯವನ್ನ ಸಮಯ ತಗೊಂಡು ನೋಡ್ಬೇಕು."

"ಏನಂದ್ರಿ?" ಎಂದ ಕಂಟ್ರಾಕ್ಟರ್.

"ಒಂದರ ಮೇಲೆ ಅಚ್ಚು ತೆಗೆದು ಇನ್ನೊಂದು ಮಾಡಿದಾರೆ. ಅಥವಾ ಎರಡನ್ನೂ ಮೂರನೇದರಿಂದ. ಮುಖ ಒಂದೇ ಥರ ಇರಬಹುದು ಸ್ವಾಮಿ, ಆದರೆ ಗಾಯ ಒಂದೇ ಥರ ಇರಲ್ಲ. ಇಬ್ಬರ ಬಾಯಲ್ಲಿ ಅದೇ ಹಲ್ಲು, ಅದೇ ಮೂಲೇಲಿ, ಅಷ್ಟೇ ಮುರಿದಿದ್ದರೆ ಅದು ಹುಟ್ಟಿದ ಹಲ್ಲಲ್ಲ, ನಾನು ಮಾಡಿದ ಹಲ್ಲು."

"ರೀ, ಅಷ್ಟು ನೀಟಾಗಿ ಜೋಡಿ ಇದೆ ಅಂತಾನೇ ನಾನು ಕೊಂಡಿದ್ದು! ನೋಡಿ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ!" ಎಂದು ಕಂಟ್ರಾಕ್ಟರ್ ಎರಡನ್ನೂ ಎತ್ತಿ ಸಭೆಗೆ ತೋರಿಸಿದ. ತಾನು ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದೇನೆ ಎಂದು ಹೊಳೆದಾಗ ತಡವಾಗಿತ್ತು. ಮುಖ ಕೆಂಪಗಾಯಿತು. "ಈಯಪ್ಪ ಯಾರ್ರೀ? ಯಾವ ಕಾಲೇಜಲ್ಲಿ ಓದಿದಾನೆ? ಹಲ್ಲು ಮಾಡೋನನ್ನ ಕರ್ಕೊಂಡು ಬಂದು ನನ್ನ ಮೇಲೆ ಗೂಬೆ ಕೂರಿಸ್ತೀರಾ?"

ಭಾವನವರು ಎದ್ದು ನಿಂತರು. ಮೂವತ್ತು ವರ್ಷದ ಕಚೇರಿಯ ದನಿ ತೆಗೆದರು. "ಯಾರು ಅಂತ ಕೇಳ್ತೀರಾ? ನನ್ನದೇ ನಾಣ್ಯನ, ನನ್ನ ಸ್ವಂತ ನಾಣ್ಯನ, ಕೈಯಲ್ಲೂ ಮುಟ್ಟದೆ ನಕಲಿ ಅಂತ ಹೇಳಿದವರು ಇವರು! ಸಂಬಂಧ ನೋಡಲಿಲ್ಲ, ಮುಲಾಜು ನೋಡಲಿಲ್ಲ. ಇದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕಾ?"

ಸಭೆ ಚಪ್ಪಾಳೆ ತಟ್ಟಿತು. ಇಡೀ ಜೀವಮಾನದಲ್ಲಿ ಡಾಕ್ಟರರಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಕಂಟ್ರಾಕ್ಟರನ ಜೋಡಿ ಪೆಟ್ಟಿಗೆಗೆ ಸೇರುತ್ತಿರಲಿಲ್ಲ, ಭಾವನವರ ಗೂಬೆ ನಾಯಿಯ ಕೊರಳಿಗೆ ಸೇರುತ್ತಿತ್ತು, ತಾವು ಪೂರ್ತಿ ಡಾಕ್ಟರರಾಗಿ ಉಳಿಯುತ್ತಿದ್ದರು. ಆದರೆ ಜೇಬಿನಲ್ಲಿದ್ದ ನಾಣ್ಯ ತೊಡೆಗೆ ಒತ್ತುತ್ತಿತ್ತು.

"ಅದು ಅಸಲಿ, ಭಾವ," ಎಂದರು.

"ಯಾವುದು?"

"ನಿಮ್ಮದು. ಆವತ್ತು ನಾನು ನೋಡ್ತಿದ್ದದ್ದು ಹಲ್ಲಿನ ಕಟ್ಟು. ಫೋನಲ್ಲಿ ಮಾತಾಡ್ತಿದ್ದೆ. ನೀವು ಡಾಕ್ಟ್ರೇ ಅಂದ್ರಿ. ಹೇಳೋಕೆ ಮನಸ್ಸು ಬರಲಿಲ್ಲ." ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟರು.

ಭಾವನವರು ಹತ್ತಿರ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ತೂತು ಎಷ್ಟು ಆಳ ಹೋಗಿದೆ?"

"ಅರ್ಧ."

"ಎಲ್ಲಾದರಲ್ಲೂ ಅರ್ಧವೇ ನೀವು," ಎಂದರು ಭಾವನವರು. ಅದು ಕೋಪವೋ, ಹನ್ನೊಂದು ವರ್ಷದ ಅನುಮಾನ ಒಂದೇ ಏಟಿಗೆ ಇಳಿದುಹೋದದ್ದೋ ಹೇಳುವುದು ಕಷ್ಟ.

ಕಂಟ್ರಾಕ್ಟರ್ ಮೇಜು ಗುದ್ದಿದ. "ಕೇಳಿದ್ರಾ? ಅಸಲಿಗೆ ನಕಲಿ ಅಂದೋನು! ಇವನ ಮಾತಿಗೆ ಏನ್ರೀ ಬೆಲೆ? ನನ್ನ ನಾಣ್ಯ ಪೆಟ್ಟಿಗೇಲಿಡಿ."

ಅಧಿಕಾರಿ ಆ ಎರಡು ನಾಣ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು, ಗಾಜು ಹಿಡಿದು, ಕಿವಿಯ ಗೀರನ್ನು ನೋಡಿದರು. ಅಂಚಿನ ಸೀಳನ್ನು ನೋಡಿದರು.

"ಇವರ ಮಾತು ಬೇಡ ಸರ್," ಎಂದರು ಸಣ್ಣ ದನಿಯಲ್ಲೇ. "ಗೀರು ಎರಡರಲ್ಲೂ ಇದೆಯಲ್ಲ. ನೀವೇ ಬಂದು ನೋಡಿ." ಕಂಟ್ರಾಕ್ಟರ್ ನೋಡಲು ಬರಲಿಲ್ಲ. ಅವನ ಹೆಂಡತಿ ಬಂದು ನೋಡಿದಳು. ನೋಡಿ, "ಅವನ್ನ ಎತ್ತಿಟ್ಕೊಳ್ರೀ, ಮನೆಗೆ ಹೋಗೋಣ" ಎಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಆಮೇಲೆ ಅಧಿಕಾರಿ ಗೂಬೆ ನಾಣ್ಯವನ್ನು ಅಂಗೈಯಲ್ಲಿ ತಿರುಗಿಸಿದರು. "ಇದನ್ನ ನಮಗೆ ಕೊಡ್ತೀರಾ?" ಎಂದು ಭಾವನವರನ್ನು ಕೇಳಿದರು.

"ತೂತು ಬಿದ್ದಿದೆಯಲ್ಲಮ್ಮ."

"ಇರಲಿ. ಒಳಗಿನ ಬೆಳ್ಳಿ ಹೇಗಿರುತ್ತೆ ಅಂತ ನೋಡೋಕೆ ಯಾವ ಮ್ಯೂಸಿಯಮ್ಮೂ ನಾಣ್ಯ ಕೊರೆಯೋ ಧೈರ್ಯ ಮಾಡಲ್ಲ. ಇಲ್ಲಿ ಆಗಿಹೋಗಿದೆ."

ಭಾವನವರು ಮೂರು ವಾರ ತಂಗಿಯ ಗಂಡನ ಜೊತೆ ಮಾತಾಡಲಿಲ್ಲ. ಶನಿವಾರಗಳಲ್ಲಿ ಭೂತಗನ್ನಡಿ ಬಿಡುವಾಗಿತ್ತು. ಮೂವರು ಗೌರವಸ್ಥರಿಗೆ ಹಲ್ಲು ಬಂದವು. ಇಷ್ಟು ಸುಖವಿದ್ದರೂ ಅರ್ಧ ಡಾಕ್ಟರರಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಾಲ್ಕನೆಯ ಶನಿವಾರ ಹೆಂಡತಿಯೇ ಅವರಿಗೆ ಕೋಟು ಹಾಕಿಸಿ ವಸ್ತುಸಂಗ್ರಹಾಲಯಕ್ಕೆ ಎಳೆದುಕೊಂಡು ಹೋದಳು.

ಕಿಟಕಿಯ ಪಕ್ಕ ಹೊಸ ಗಾಜಿನ ಪೆಟ್ಟಿಗೆ. ಒಳಗೆ ಒಂದೇ ನಾಣ್ಯ, ಅದರ ಕೆಳಗೆ ಅಧಿಕಾರಿಯ ಅಚ್ಚುಕಟ್ಟಾದ ಅಕ್ಷರದಲ್ಲಿ ಒಂದು ಚೀಟಿ: 'ಬೆಳ್ಳಿ ನಾಣ್ಯ, ಅಥೆನ್ಸ್. ಪ್ರಾಚೀನ. ತೂತು ಈಚಿನದು.' ಪೆಟ್ಟಿಗೆಯ ಮುಂದೆ ಏಳೆಂಟು ಜನ ಗುಂಪು ಕಟ್ಟಿದ್ದರು. ಗುಂಪಿನ ನಡುವೆ ಭಾವನವರು, ಗಾಜಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

"ಇದು ಎರಡೂವರೆ ಸಾವಿರ ವರ್ಷ ಹಳೇದು. ಯಾರು ಬಡಿದರೋ, ಅವರ ಹೆಸರು ಯಾರಿಗೂ ಗೊತ್ತಿಲ್ಲ," ಎನ್ನುತ್ತಿದ್ದರು.

"ಮತ್ತೆ ಈ ತೂತು, ಸರ್?" ಎಂದ ಒಬ್ಬ.

ಭಾವನವರು ತಲೆ ಎತ್ತಿದರು. ಬಾಗಿಲಲ್ಲಿ ನಿಂತ ತಂಗಿಯನ್ನು ಕಂಡರು, ಅವಳ ಹಿಂದೆ ಅಡಗಲು ನೋಡುತ್ತಿದ್ದ ಡಾಕ್ಟರರನ್ನೂ ಕಂಡರು.

"ತೂತು ನಮ್ಮ ಮನೆಯವರದೇ," ಎಂದರು.